ಮೆತ್ತನೆಯ ಬಣ್ಣಕ್ಕೆ ಯಾವ ಪ್ಯಾಡ್? ಪಾಲಿಶ್ ಕೆಲಸದ ಹುಡುಗರಿಗೊಂದು ಬಹಿರಂಗ ಪತ್ರ

ಊರೂರಿನ ಕಾರ್ ವಾಶ್ ಮತ್ತು ಡೀಟೇಲಿಂಗ್ ಅಂಗಡಿಗಳಲ್ಲಿ ಬಫಿಂಗ್ ಮಷೀನ್ ಹಿಡಿದಿರುವ ಪ್ರೀತಿಯ ತಮ್ಮಂದಿರೇ, ತಂಗಿಯರೇ,

ನಿಮ್ಮಲ್ಲಿ ಹೆಚ್ಚಿನವರನ್ನು ನಾನು ನೋಡಿಲ್ಲ, ನಿಮ್ಮ ಕೈಕೆಲಸವನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ. ಬೆಂಗಳೂರಿನ ಬಾಡಿ ಶಾಪುಗಳಲ್ಲಿ ಬಣ್ಣ ಹೊಡೆಯುತ್ತಲೇ ತಲೆ ನರೆತವನು ನಾನು. ಸ್ಪ್ರೇ ಗನ್ ಕೆಳಗಿಟ್ಟಿದ್ದರೂ ಪರಿಚಯದವರು ಕಾರು ತಂದು ನಿಲ್ಲಿಸಿ “ಅಣ್ಣಾ, ಇದೇನಾಗಿದೆ ಸ್ವಲ್ಪ ನೋಡಿ” ಎನ್ನುವುದು ನಿಂತಿಲ್ಲ. ಹಾಗೆ ಬರುವ ಕಾರುಗಳಲ್ಲಿ ಹೆಚ್ಚಿನವು ಕಪ್ಪು, ಇಲ್ಲವೆ ಕಡುನೀಲಿ. ಅವುಗಳಲ್ಲಿ ಬಹಳಷ್ಟು ಈಚೆಗಷ್ಟೇ ಪಾಲಿಶ್ ಕಂಡಂಥವು. ನೆರಳಿನಲ್ಲಿ ಥಳಥಳ ಹೊಳೆಯುತ್ತವೆ. ಬಿಸಿಲಿಗೆ ತಂದರೆ ಬಾನೆಟ್ಟಿನ ಉದ್ದಗಲಕ್ಕೂ ಮಷೀನ್ ಓಡಾಡಿದ ದಾರಿ ಅಲೆ ಅಲೆಯಾಗಿ ಎದ್ದು ಕಾಣುತ್ತದೆ.

ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಕಪ್ಪು ಸೆಡಾನ್ ತಂದಿದ್ದರು. ಪಾಲಿಶ್ ಮಾಡಿಸಿದ ವಾರ ಎಲ್ಲರೂ ಹೊಗಳಿದರಂತೆ. ಎರಡು ಸಲ ತೊಳೆದ ಮೇಲೆ, ಮೊದಲಿದ್ದ ಸಣ್ಣ ಸುತ್ತುಗೀರುಗಳ ಜಾಗದಲ್ಲಿ ಉದ್ದುದ್ದ ಹೊಲೊಗ್ರಾಮ್ ಎದ್ದಿತ್ತು. “ದುಡ್ಡು ಕೊಟ್ಟು ಗೀರು ಹಾಕಿಸಿಕೊಂಡ ಹಾಗಾಯಿತಲ್ಲ” ಎಂದು ಅವರು ನಕ್ಕರು. ನಗುವ ವಿಷಯವೇನೂ ಅದಾಗಿರಲಿಲ್ಲ. ಯಾವ ಅಂಗಡಿ ಎಂದು ನಾನು ಕೇಳಲಿಲ್ಲ. ಯಾವ ಪ್ಯಾಡ್ ಹಾಕಿದರು, ನೋಡಿದಿರಾ ಎಂದಷ್ಟೇ ಕೇಳಿದೆ. “ಬಿಳಿ ಉಣ್ಣೆಯದು, ಕೊನೆಗೆ ಏನೋ ಎಣ್ಣೆಯಂಥದ್ದು ಸವರಿದರು” ಎಂದರು. ಅಲ್ಲಿಗೆ ಎಲ್ಲ ತಿಳಿಯಿತು.

ಆ ಕೆಲಸ ಮಾಡಿದ ಹುಡುಗ ಸೋಮಾರಿಯಲ್ಲ. ಬೆವರು ಸುರಿಸಿಯೇ ಉಜ್ಜಿದ್ದಾನೆ. ಯಾವ ಬಣ್ಣಕ್ಕೆ ಯಾವ ಪ್ಯಾಡ್ ಎಂದು ಅವನಿಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ, ಅಷ್ಟೇ. ಮಷೀನ್ ಯಾವುದು, ಕಾಂಪೌಂಡ್ ಯಾವ ಕಂಪನಿಯದು ಎಂಬ ಚರ್ಚೆ ನಮ್ಮಲ್ಲಿ ಹೇರಳ. ಕಾರಿನ ಮೈಗೆ ನಿಜವಾಗಿ ತಾಗುವುದು ಪ್ಯಾಡ್. ಅದರ ಮಾತು ಮಾತ್ರ ಕೊನೆಗೆ, ಅಂಗಡಿಯಲ್ಲಿ ಯಾವುದು ಉಳಿದಿದೆ ಎಂದು ನೋಡುವಾಗ ಬರುತ್ತದೆ. ಈ ಕ್ರಮ ತಿರುಗಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಮೊದಲು, ನಿಮ್ಮ ಕೈಕೆಳಗೆ ಇರುವುದು ಏನು ಎಂದು ನೋಡೋಣ. ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಬೇಸ್ ಕೋಟ್, ಅದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತವೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಕೆಲವು ಕಾರುಗಳಲ್ಲಿ 100 ಕೂಡ ಮುಟ್ಟುವುದಿಲ್ಲ. ಇದರಲ್ಲಿ ಕ್ಲಿಯರ್‌ನ ಪಾಲು 35ರಿಂದ 50 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಕಡಿಮೆ. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಇದೇ. ನಾವು ಗೀರು ತೆಗೆಯುತ್ತೇವೆ ಎನ್ನುತ್ತೇವೆ. ಮಾಡುವುದು ಬೇರೆ: ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರನ್ನು ಸವೆಸುತ್ತೇವೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಒಂದು ಕಾರಿನ ಆಯುಷ್ಯದಲ್ಲಿ ಹೀಗೆ ಸವೆಸಲು ಸಿಗುವ ಅವಕಾಶ ಕೆಲವೇ ಸಲ. ಅದರಲ್ಲಿ ಒಂದನ್ನು ನೀವು ಇವತ್ತು ಖರ್ಚು ಮಾಡುತ್ತಿದ್ದೀರಿ.

ಈ ಕ್ಲಿಯರ್ ಎಲ್ಲ ಕಾರುಗಳಲ್ಲಿ ಒಂದೇ ಗಟ್ಟಿ ಇರುವುದಿಲ್ಲ. ಹೋಂಡಾ, ಟೊಯೋಟಾ, ಮಜ್ದಾ, ಸುಬರು ಕಾರುಗಳದು ಮೆತ್ತಗೆ, ಜರ್ಮನಿಯ ಕಾರುಗಳದು ಗಟ್ಟಿ ಎಂಬ ಮಾತು ಈ ಕಸುಬಿನವರಲ್ಲಿ ಲೋಕದ ತುಂಬ ಓಡಾಡುತ್ತದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಮರ್ಸಿಡಿಸ್‌ನವರು 2003ರ ಕೊನೆಯಲ್ಲಿ ಸೆರಾಮಿಕ್ ನ್ಯಾನೋ ಕಣಗಳನ್ನು ಸೇರಿಸಿದ ಗಟ್ಟಿ ಕ್ಲಿಯರ್ ತಂದರು. ನಿಸಾನ್‌ನವರು 2005ರಲ್ಲಿ ಪ್ರಕಟಿಸಿದ ಸ್ಕ್ರ್ಯಾಚ್ ಶೀಲ್ಡ್ ಇದಕ್ಕೆ ತದ್ವಿರುದ್ಧ: ರಾಳದಲ್ಲಿ ಸ್ಥಿತಿಸ್ಥಾಪಕ ಗುಣವಿರುವ, ಸಣ್ಣ ಗೀರು ತಾನಾಗಿ ಮುಚ್ಚಿಕೊಳ್ಳುವ ಕ್ಲಿಯರ್. ಆದ್ದರಿಂದ ಮೆತ್ತಗೆ ಎಂದರೆ ಅಗ್ಗದ್ದು, ಕಳಪೆ ಎಂದು ಗಿರಾಕಿಗೆ ಹೇಳಬೇಡಿ. ಹಾಗೆಯೇ ಬಾನೆಟ್ಟಿನ ಮೇಲಿನ ಲಾಂಛನ ನೋಡಿ ತೀರ್ಪು ಕೊಡಬೇಡಿ. ಒಂದೇ ಕಂಪನಿಯ ಎರಡು ಕಾರ್ಖಾನೆಗಳ, ಎರಡು ಬಣ್ಣಗಳ ಕಾರು ಬೇರೆ ಬೇರೆ ಗಟ್ಟಿ ಇರಬಹುದು.

ಒಂದೇ ಕಾರಿನಲ್ಲೂ ಇದೇ ಕತೆ. ಕಾರ್ಖಾನೆಯಲ್ಲಿ ಕ್ಲಿಯರ್ 140 ಡಿಗ್ರಿಯ ಆಸುಪಾಸಿನಲ್ಲಿ ಬೇಯುತ್ತದೆ. ನಮ್ಮ ಬಾಡಿ ಶಾಪಿನ ಬೂತಿನಲ್ಲಿ 60 ಡಿಗ್ರಿ, ಅರ್ಧ ಗಂಟೆ. ಅಷ್ಟಕ್ಕಿಂತ ಮೇಲೆ ಹೋದರೆ ರಬ್ಬರ್, ಪ್ಲಾಸ್ಟಿಕ್, ವೈರಿಂಗ್ ಉಳಿಯಬೇಕಲ್ಲ. ಸಣ್ಣ ಊರುಗಳಲ್ಲಿ ಬೂತೇ ಇಲ್ಲ, ಗೋಣಿತಾಟು ಕಟ್ಟಿ ಬಿಸಿಲಲ್ಲಿ ಒಣಗಿಸುತ್ತಾರೆ. ಹಾಗಾಗಿ ಅಪಘಾತವಾಗಿ ಬಣ್ಣ ಹೊಡೆಸಿಕೊಂಡ ಫೆಂಡರ್ ಅದರ ಪಕ್ಕದ ಬಾಗಿಲಿಗಿಂತ ಮೆತ್ತಗಿರುವುದು ಮಾಮೂಲು. ಮೊದಲ ಕೆಲವು ವಾರಗಳಲ್ಲಂತೂ ಹೇಳುವುದೇ ಬೇಡ. ಬಾಗಿಲಿಗೆ ಒಗ್ಗಿದ ಪ್ಯಾಡನ್ನು ಹಾಗೇ ಫೆಂಡರಿಗೆ ಎಳೆದರೆ ಅಲ್ಲಿ ಮಬ್ಬು ಕಟ್ಟುತ್ತದೆ. ಮೈಕ್ರಾನ್ ಅಳೆಯುವ ಗೇಜ್ ಇದ್ದರೆ 200 ದಾಟಿದ ಪ್ಯಾನೆಲ್ ಕಂಡಾಗ ಅದು ಮತ್ತೆ ಬಣ್ಣ ಕಂಡದ್ದಿರಬೇಕು ಎಂದು ಅನುಮಾನಿಸಿ. ಬಂಪರಿನ ಮೇಲೆ ಆ ಗೇಜ್ ಕೆಲಸ ಮಾಡುವುದಿಲ್ಲ, ಅದು ಲೋಹದ ಮೇಲಿನ ದಪ್ಪವನ್ನಷ್ಟೇ ಹೇಳುತ್ತದೆ.

ಕಾರು ಮೆತ್ತಗೋ ಗಟ್ಟಿಯೋ ತಿಳಿಯುವುದು ಹೇಗೆ? ಉಗುರಿನಲ್ಲಿ ಗೀರಿ ನೋಡುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ತೊಳೆದು, ಕ್ಲೇ ಹಚ್ಚಿ ಒರೆಸಿದ ಜಾಗದಲ್ಲಿ ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯನ್ನು ಒಣಗಿದ್ದಂತೆಯೇ ಎರಡು ಸಲ ಎಳೆಯಿರಿ, ಎಲ್‌ಇಡಿ ದೀಪ ಓರೆಯಾಗಿ ಹಿಡಿದು ನೋಡಿ. ಬಟ್ಟೆಯಿಂದಲೇ ಕೂದಲೆಳೆಯ ಗೀರು ಬಿದ್ದರೆ ಇನ್ನೇನೂ ಕೇಳಬೇಕಾಗಿಲ್ಲ. ಎರಡನೆಯ ಗುರುತು ಮಷೀನಿನ ಕೈಗೆ ಸಿಗುತ್ತದೆ. ನಯವಾದ ಪಾಲಿಶ್, ಸಾಧಾರಣ ಫೋಮ್ ಹಾಕಿ ಒಂದೆರಡು ಸುತ್ತು ಓಡಿಸಿದ ಕೂಡಲೇ ಗೀರು ಮಾಯವಾಗಿ, ಆ ಜಾಗ ಹೊಳಪಿನ ಬದಲು ತೆಳ್ಳನೆಯ ಬೂದು ಮಬ್ಬಿನಲ್ಲಿ ನಿಂತಿತೋ, ಅದು ಮೆತ್ತನೆಯ ಬಣ್ಣ.

ಇಲ್ಲಿಯೇ ಹೆಚ್ಚಿನವರು ಎಡವುವುದು. ಮೆತ್ತಗಿದೆ ಎಂದರೆ ಕೆಲಸ ಸುಲಭ ಎಂದುಕೊಳ್ಳುತ್ತಾರೆ. ಹೊಸದಾಗಿ ಸಗಣಿ ಸಾರಿಸಿದ ಅಂಗಳದಲ್ಲಿ ಹೆಜ್ಜೆ ಗುರುತು ಅಳಿಸುವುದು ಸುಲಭ. ಅಳಿಸಲು ಹೋದವರ ಹೆಜ್ಜೆ ಮೂಡುವುದೂ ಅಷ್ಟೇ ಸುಲಭ. ಗಟ್ಟಿ ಬಣ್ಣದ ಕಾರಿನಲ್ಲಿ ಕಷ್ಟವೆಲ್ಲ ಗೀರು ಕಡಿಯುವುದರಲ್ಲಿ. ಮೆತ್ತನೆಯದರಲ್ಲಿ ಕಡಿಯುವುದು ನಿಮಿಷದ ಕೆಲಸ, ಕೊನೆಯ ನಯ ತರುವುದೇ ದಿನದ ಕೆಲಸ. ಅಲ್ಲಿ ಗೀರು ಬಿಡುವುದು ಕಾಂಪೌಂಡಿನ ಕಣ ಮಾತ್ರವಲ್ಲ, ಪ್ಯಾಡಿನ ಎಳೆ, ಪ್ಯಾಡಿನ ರಂಧ್ರದ ಗೋಡೆ, ಒರೆಸುವ ಬಟ್ಟೆ, ಎಲ್ಲವೂ.

ಈಗ ಪ್ಯಾಡುಗಳ ವಿಷಯ. ನಮ್ಮ ಕಾಲದಲ್ಲಿ ಆಯ್ಕೆಯ ತಲೆನೋವಿರಲಿಲ್ಲ. ಅಂಬಾಸಿಡರ್, ಪದ್ಮಿನಿಗಳಿಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬನಿಯನ್ ವೇಸ್ಟಿನಲ್ಲಿ ಕೈಯಿಂದಲೇ ಉಜ್ಜುತ್ತಿದ್ದೆವು. ಮಷೀನ್ ಬಂದಾಗ ಅದರ ಜೊತೆ ಬಂದದ್ದು ವುಲ್ ಪ್ಯಾಡ್ ಒಂದೇ. ಅದರ ಅಭ್ಯಾಸವೇ ಇವತ್ತಿಗೂ ಎಷ್ಟೋ ಅಂಗಡಿಗಳಲ್ಲಿ ಉಳಿದಿದೆ. ವುಲ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎಳೆಗಳ ನಡುವೆ ಗಾಳಿಯಾಡುವುದರಿಂದ ಅದು ಫೋಮಿಗಿಂತ ತಂಪಾಗಿ ಓಡುತ್ತದೆ, ಬೇಗ ಕಡಿಯುತ್ತದೆ. ಮರಳು ಕಾಗದ ಹಚ್ಚಿದ ಗಟ್ಟಿ ಕ್ಲಿಯರಿನ ಮೇಲೆ ಅದಕ್ಕೆ ಸಮ ಇಲ್ಲ. ಆದರೆ ಅದರ ಒಂದೊಂದು ಎಳೆಯೂ ತನ್ನದೇ ಗೀರು ಬಿಡುತ್ತದೆ. ರೋಟರಿ ಮಷೀನ್ ಒಂದೇ ದಿಕ್ಕಿಗೆ ತಿರುಗುವುದರಿಂದ ಆ ಗೀರುಗಳೆಲ್ಲ ಸಾಲುಗಟ್ಟುತ್ತವೆ. ಬಿಸಿಲಲ್ಲಿ ಓಡಾಡುವ ಹೊಲೊಗ್ರಾಮ್ ಎಂದರೆ ಅದೇ ಸಾಲು. ಮೆತ್ತನೆಯ ಕಪ್ಪು ಬಣ್ಣಕ್ಕೆ ವುಲ್ ಮತ್ತು ರೋಟರಿ ಸೇರಿದರೆ, ಅದನ್ನು ಸರಿಪಡಿಸಲು ಮತ್ತೆ ಎರಡು ಹಂತದ ಕೆಲಸ ನಿಮ್ಮ ತಲೆಗೇ ಬರುತ್ತದೆ. ಆ ಎರಡು ಹಂತ ಮಾಡುವ ವ್ಯವಧಾನ ಇಲ್ಲದವರು ಎಣ್ಣೆ ಸವರಿ ಕಳಿಸುತ್ತಾರೆ.

ಮೈಕ್ರೋಫೈಬರ್ ಪ್ಯಾಡ್ ಡಿಎ, ಅಂದರೆ ತಿರುಗುತ್ತಲೇ ಓಲಾಡುವ ಡ್ಯುಯಲ್ ಆಕ್ಷನ್ ಮಷೀನಿಗೆಂದೇ ಬಂದದ್ದು. ತೆಳು ಫೋಮಿನ ಮೇಲೆ ಗಿಡ್ಡ ಎಳೆಗಳು. ಹಾಕಿದ ಕೂಡಲೇ ಗೀರು ಹೋಗುತ್ತದೆ, ಹಾಗಾಗಿ ಹೊಸಬರಿಗೆ ಇದು ಬಲು ಇಷ್ಟ. ಮೆತ್ತನೆಯ ಬಣ್ಣದ ಮೇಲೆ ಇದು ಬಿಡುವ ಸಣ್ಣ ಮಬ್ಬು ಬಿಳಿ, ಬೆಳ್ಳಿ ಕಾರುಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ, ಕಪ್ಪಿನಲ್ಲಿ ಮುಚ್ಚಿಡಲಾಗುವುದಿಲ್ಲ. ಆಳದ ಗೀರು ಇರುವ ಒಂದು ಪ್ಯಾನೆಲ್ಲಿಗೆ ಬೇಕಾದರೆ ಬಳಸಿ. ಇಡೀ ಕಾರಿಗೆ ಬೇಡ.

ಉಳಿದದ್ದು ಫೋಮ್. ಮೆತ್ತನೆಯ ಬಣ್ಣದ ಕೆಲಸ ಬಹುಪಾಲು ಇದರಲ್ಲೇ ಮುಗಿಯಬೇಕು. ಜೆ.ಸಿ. ರಸ್ತೆಗೆ ಹೋಗಿ ಪ್ಯಾಡ್ ಕೇಳಿದರೆ ಕಿತ್ತಳೆ, ಹಳದಿ, ನೀಲಿ, ಕಪ್ಪು ಬಣ್ಣದ ಫೋಮುಗಳ ಒಂದು ಸೆಟ್ ಕೊಡುತ್ತಾರೆ, ಮೇಲೆ ಹೆಸರೂ ಇರುವುದಿಲ್ಲ, ಗುಣವೂ ಬರೆದಿರುವುದಿಲ್ಲ. “ಕಪ್ಪು ಎಂದರೆ ಫಿನಿಶಿಂಗ್ ಅಲ್ಲವಾ ಅಣ್ಣಾ?” ಎಂದು ಹುಡುಗರು ಕೇಳುತ್ತಾರೆ. ಫೋಮಿನ ಬಣ್ಣ ಬರೀ ಡೈ. ಅದಕ್ಕೆ ಕಂಪನಿಗಳ ನಡುವೆ ಒಪ್ಪಂದವಿಲ್ಲ. ರೂಪೆಸ್ ಕಂಪನಿಯ ಫೋಮಿನಲ್ಲಿ ನೀಲಿ ಎಂದರೆ ಎಲ್ಲಕ್ಕಿಂತ ಒರಟು. 3ಎಂ ಕಂಪನಿಯಲ್ಲಿ ನೀಲಿ ಎಂದರೆ ಕೊನೆಯ ನಯಕ್ಕೆ ಹಾಕುವ ಅಲ್ಟ್ರಾಫೀನಾ ಪ್ಯಾಡ್. ಲೇಕ್ ಕಂಟ್ರಿಯವರ ಹಳದಿ ಗಟ್ಟಿಯಾಗಿ ಕಡಿಯುವಂಥದ್ದು, ರೂಪೆಸ್‌ನವರ ಹಳದಿ ನಯದ ಕೆಲಸದ್ದು. ಒಬ್ಬರ ಅಂಗಡಿಯಲ್ಲಿ ಕಲಿತ ಬಣ್ಣದ ಲೆಕ್ಕವನ್ನು ಇನ್ನೊಬ್ಬರ ಅಂಗಡಿಗೆ ಒಯ್ದು ಕಪ್ಪು ಹೋಂಡಾ ಮೇಲೆ ನೀಲಿ ಪ್ಯಾಡ್ ಇಟ್ಟರೆ ಏನಾದೀತು, ನೀವೇ ಯೋಚಿಸಿ.

ಬಣ್ಣ ಬಿಡಿ, ಬೆರಳನ್ನು ನಂಬಿ. ಪ್ಯಾಡನ್ನು ಹೆಬ್ಬೆರಳಿನಿಂದ ಒತ್ತಿ. ಎಷ್ಟು ಬಲಕ್ಕೆ ತಗ್ಗುತ್ತದೆ, ಬಿಟ್ಟಾಗ ಎಷ್ಟು ಬೇಗ ಮೇಲೇಳುತ್ತದೆ ನೋಡಿ. ಆಮೇಲೆ ಮುಖವನ್ನು ದೀಪಕ್ಕೆ ಹಿಡಿದು ರಂಧ್ರ ನೋಡಿ. ದೊಡ್ಡ ರಂಧ್ರದ, ಗಟ್ಟಿ ಗೋಡೆಯ ಫೋಮ್ ಕಡಿಯುತ್ತದೆ. ಸಣ್ಣ ರಂಧ್ರದ್ದು ನಯ ಕೊಡುತ್ತದೆ. ಇಂಚಿಗೆ ಎಷ್ಟು ರಂಧ್ರ ಎಂದು ಒಳ್ಳೆಯ ಕಂಪನಿಗಳು ಹೇಳುತ್ತವೆ, ಆದರೆ ಆ ಅಂಕಿಯೊಂದನ್ನೇ ನೆಚ್ಚಬೇಡಿ: ರಂಧ್ರ ಸಣ್ಣದಿದ್ದೂ ಫೋಮ್ ಗಟ್ಟಿಯಾಗಿರಬಹುದು. ತೆರೆದ ರಂಧ್ರದ ಫೋಮಿನಲ್ಲಿ ಗಾಳಿಯಾಡುತ್ತದೆ, ಬಿಸಿ ಕಡಿಮೆ, ಆದರೆ ಪಾಲಿಶನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಮುಚ್ಚಿದ ರಂಧ್ರದ್ದು ಪಾಲಿಶನ್ನು ಮೇಲೆಯೇ ಇಟ್ಟುಕೊಳ್ಳುತ್ತದೆ, ಬೇಗ ಬಿಸಿಯೇರುತ್ತದೆ. ಬೇಸಿಗೆಯ ಕಲಬುರಗಿಯಲ್ಲಿ, ರಾಯಚೂರಿನಲ್ಲಿ ಶೆಡ್ಡಿನ ಕೆಳಗೆ ಕೆಲಸ ಮಾಡುವವರು ತೆರೆದ ರಂಧ್ರದ್ದನ್ನೇ ಇಟ್ಟುಕೊಳ್ಳುವುದು ಲೇಸು.

ಹೀಗೆಂದ ಕೂಡಲೇ ‘ಮೆತ್ತನೆಯ ಬಣ್ಣ, ಹಾಗಾದರೆ ಎಲ್ಲಕ್ಕಿಂತ ಮೆತ್ತನೆಯ ಪ್ಯಾಡ್’ ಎಂದು ಬರೆದುಕೊಳ್ಳಬೇಡಿ. ಈ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು. ತೀರಾ ಮೆತ್ತನೆಯ ಫಿನಿಶಿಂಗ್ ಪ್ಯಾಡಿಗೆ ಒರಟು ಕಾಂಪೌಂಡ್ ಹಾಕಿ ಓಡಿಸುವವರನ್ನು ನೋಡಿದ್ದೇನೆ. ಒಂದರ ಒರಟು ಇನ್ನೊಂದರ ಮೆದುವಿನಲ್ಲಿ ಸರಿಹೋಗುತ್ತದೆ ಎಂಬ ನಂಬಿಕೆ. ಸರಿಹೋಗುವುದಿಲ್ಲ. ಕೆಲವು ಕಾಂಪೌಂಡುಗಳ ಕಣ ಉಜ್ಜಿದಂತೆ ಪುಡಿಯಾಗಿ ನಯವಾಗಬೇಕು. ಮೆದು ಪ್ಯಾಡ್ ಅವನ್ನು ಒತ್ತಿ ಹಿಡಿಯುವುದಿಲ್ಲ, ಕಣ ಒಡೆಯುವುದೇ ಇಲ್ಲ, ಒರಟಾಗಿಯೇ ಉಳಿದು ಮಬ್ಬು ಬಿಡುತ್ತದೆ. ಇನ್ನು ಕೆಲವು ದ್ರವಗಳ ಕಣ ಮೊದಲಿನಿಂದಲೇ ಅತಿ ಸಣ್ಣದು, ಕೊನೆಯವರೆಗೂ ಹಾಗೇ ಇರುತ್ತದೆ. ಅವುಗಳಲ್ಲಿ ಕೊನೆಯ ನಯವನ್ನು ನಿರ್ಧರಿಸುವುದು ಪ್ಯಾಡ್ ಮತ್ತು ನಿಮ್ಮ ಕೈಯ ಒತ್ತಡ ಮಾತ್ರ. ನನ್ನ ಅನುಭವದಲ್ಲಿ ಮೆತ್ತನೆಯ ಬಣ್ಣಕ್ಕೆ ಹೆಚ್ಚಾಗಿ ಹೊಂದಿಕೊಂಡದ್ದು ಮಧ್ಯಮ ಮೆದುವಿನ ಪಾಲಿಶಿಂಗ್ ಫೋಮ್ ಮತ್ತು ನಯವಾದ ಪಾಲಿಶ್. ಗೀರು ಅದರಲ್ಲೇ ಹೋಗುತ್ತದೆ. ಒರಟು ಕಾಂಪೌಂಡಿನ ಬಾಟಲಿ ಆ ದಿನ ತೆರೆಯಬೇಕಾಗಿಯೇ ಬರುವುದಿಲ್ಲ. ಆಮೇಲೂ ಸಣ್ಣ ಮಬ್ಬು ಉಳಿದರೆ ಮೆತ್ತನೆಯ ಫಿನಿಶಿಂಗ್ ಪ್ಯಾಡ್, ಇನ್ನೂ ನಯವಾದ ಪಾಲಿಶ್, ಮಷೀನಿನ ತೂಕವಷ್ಟೇ ಒತ್ತಡ, ಕಡಿಮೆ ವೇಗ.

ಕೆಲವು ಬಣ್ಣಗಳು ಮೆತ್ತಗಿರುವುದು ಮಾತ್ರವಲ್ಲ, ಅಂಟಂಟು. ಪ್ಯಾಡ್ ಹಿಡಿದುಕೊಂಡಂತಾಗುತ್ತದೆ, ಮಷೀನ್ ಕುಪ್ಪಳಿಸುತ್ತದೆ. ಅಲ್ಲಿ ಒತ್ತಡ ಹೆಚ್ಚಿಸಬೇಡಿ. ಪ್ಯಾಡ್ ಬದಲಿಸಿ, ಪಾಲಿಶ್ ಕಡಿಮೆ ಮಾಡಿ, ಪ್ಯಾನೆಲ್ ತಣ್ಣಗಾಗಲು ಬಿಡಿ.

ಮಷೀನಿನ ಬಗ್ಗೆ ಎರಡೇ ಮಾತು. ಮೆತ್ತನೆಯ ಬಣ್ಣಕ್ಕೆ ಡಿಎ ಹಿಡಿಯಿರಿ. ರೋಟರಿಯಲ್ಲಿ ಹೊಲೊಗ್ರಾಮ್ ಇಲ್ಲದೆ ಮುಗಿಸಬಲ್ಲ ಪಳಗಿದ ಕೈಗಳು ಇವೆ, ಅವರಿಗೆ ಈ ಪತ್ರ ಬೇಕಾಗಿಲ್ಲ. 15 ಅಥವಾ 21 ಮಿಲಿಮೀಟರ್ ಓಟದ ಡಿಎಗೆ ದಪ್ಪ ಪ್ಯಾಡ್ ಹಾಕಿದರೆ ಆ ಓಟವನ್ನು ಫೋಮೇ ನುಂಗಿ, ಪ್ಯಾಡ್ ನಿಂತಲ್ಲೇ ನಡುಗುತ್ತದೆ. ತೆಳು ಪ್ಯಾಡ್ ಬೇಕು. ಬ್ಯಾಕಿಂಗ್ ಪ್ಲೇಟಿನ ಅಂಚಿನಲ್ಲಿ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಗೆರೆ ಸುತ್ತುತ್ತಿದ್ದರೆ ಪ್ಯಾಡ್ ತಿರುಗುತ್ತಿದೆ. ಗೆರೆ ಒಂದೆಡೆ ನಿಂತರೆ, ನೀವು ಎಷ್ಟು ಹೊತ್ತು ಹಿಡಿದರೂ ಆಗುವುದು ಬಿಸಿ ಮಾತ್ರ.

ಪ್ಯಾಡಿನ ಸಂಖ್ಯೆಯ ಬಗ್ಗೆ ಮಾತ್ರ ನಾನು ಸ್ವಲ್ಪ ಬಿಗಿಯಾಗಿಯೇ ಹೇಳಬೇಕು. ಒಂದು ಕಾರಿಗೆ ಒಂದು ಪ್ಯಾಡ್ ಎಂಬ ಲೆಕ್ಕ ಎಲ್ಲಿಂದ ಬಂತೋ ಗೊತ್ತಿಲ್ಲ. ಉಜ್ಜಿದಾಗ ಸವೆದ ಕ್ಲಿಯರ್ ಎಲ್ಲಿಗೆ ಹೋಗುತ್ತದೆ? ಪ್ಯಾಡಿನ ಮುಖಕ್ಕೇ ಮೆತ್ತಿಕೊಳ್ಳುತ್ತದೆ. ಎರಡು ಪ್ಯಾನೆಲ್ ಮುಗಿಯುವಷ್ಟರಲ್ಲಿ ಫೋಮಿನ ರಂಧ್ರ ಮುಚ್ಚಿ, ನಯವಾದ ಪ್ಯಾಡೂ ಗಟ್ಟಿ ಪ್ಯಾಡಿನಂತೆ ವರ್ತಿಸುತ್ತದೆ. ಹಸಿಯಾಗಿ ನೆನೆದ ಫೋಮ್ ಮೆತ್ತಗಾಗಿ ಮಡಚಿಕೊಳ್ಳುತ್ತದೆ, ನಡುಭಾಗ ಕಾದು ವೆಲ್ಕ್ರೊ ಅಂಟು ಬಿಡುತ್ತದೆ. ಗಟ್ಟಿ ಬಣ್ಣ ಇದನ್ನೆಲ್ಲ ತಡೆದುಕೊಳ್ಳಬಹುದು. ಮೆತ್ತನೆಯದು ಪ್ರತಿಯೊಂದನ್ನೂ ತನ್ನ ಮೈಮೇಲೆ ಬರೆದುಕೊಳ್ಳುತ್ತದೆ. ಆದ್ದರಿಂದ ಒಂದೊಂದು ಭಾಗ ಮುಗಿದಾಗಲೂ ಗಾಳಿ ಗನ್ನಿನಿಂದ ಊದಿ, ಗಾಳಿ ಇಲ್ಲದಿದ್ದರೆ ಮೆದು ಬ್ರಶ್ಶಿನಿಂದ ಕೆರೆಯಿರಿ. ಒಂದೆರಡು ಪ್ಯಾನೆಲ್ಲಿಗೆ ಒಮ್ಮೆ ಪ್ಯಾಡ್ ಬದಲಿಸಿ. ಕೆಳಗೆ ಬಿದ್ದ ಪ್ಯಾಡನ್ನು ಕೊಡವಿ ಮತ್ತೆ ಹಾಕುವ ಅಭ್ಯಾಸವಂತೂ ಬಿಟ್ಟೇಬಿಡಿ. ಬಳ್ಳಾರಿ, ಸಂಡೂರು, ಹೊಸಪೇಟೆಯ ಕಡೆ ನೆಲದ ಮೇಲಿನ ಧೂಳಿನಲ್ಲಿ ಅದಿರಿನ ಪುಡಿ ಇರುತ್ತದೆ. ಅದರ ಒಂದು ಕಣ ಸಾಕು.

ಸಂಜೆ ಪ್ಯಾಡುಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ನೆರಳಿನಲ್ಲಿ ಒಣಗಿಸಿ. ಕಾಂಪೌಂಡಿನ ಪ್ಯಾಡ್ ಬೇರೆ ಡಬ್ಬ, ಫಿನಿಶಿಂಗ್ ಪ್ಯಾಡ್ ಬೇರೆ ಡಬ್ಬ. ಹಿಂದೆ ಒಮ್ಮೆ ಒರಟು ಕಾಂಪೌಂಡ್ ಕಂಡ ಪ್ಯಾಡ್ ಎಷ್ಟು ತೊಳೆದರೂ ಮೆತ್ತನೆಯ ಕಪ್ಪು ಕಾರಿನ ಕೊನೆಯ ಸುತ್ತಿಗೆ ಬೇಡ.

ಪ್ಯಾಡಿನ ಮೇಲೆ ಕಾರಿನ ಬಣ್ಣ ಬಂದರೆ ಆ ಕ್ಷಣವೇ ನಿಲ್ಲಿಸಿ. ಕ್ಲಿಯರ್ ಇಲ್ಲದ, ಒಂದೇ ಪದರದ ಸಾದಾ ಬಣ್ಣದ ಕಾರಾದರೆ ಅದು ಸಹಜ. ಮೆಟಾಲಿಕ್ ಕಾರಿನಲ್ಲಿ ಬಂದರೆ ಕ್ಲಿಯರ್ ದಾಟಿ ಬಣ್ಣಕ್ಕೆ ಇಳಿದಿದ್ದೀರಿ ಎಂದರ್ಥ. ಹೀಗಾಗುವುದು ಹೆಚ್ಚಾಗಿ ಅಂಚುಗಳಲ್ಲಿ, ಬಾನೆಟ್ಟಿನ ಏಣುಗಳಲ್ಲಿ. ಅಲ್ಲಿ ಕ್ಲಿಯರ್ ತೆಳುವಾಗಿರುತ್ತದೆ. ಮಾಸ್ಕಿಂಗ್ ಟೇಪ್ ಹಚ್ಚಿ, ಇಲ್ಲವೆ ಆ ಗೆರೆಯನ್ನು ಬಿಟ್ಟು ಓಡಿಸಿ. ಬಾಗಿಲುಗಳ ನಡುವಿನ ಕಂಬಕ್ಕೆ ಈಗ ಹಾಕುವ ಪಿಯಾನೊ ಬ್ಲ್ಯಾಕ್ ಪಟ್ಟಿ ಇಡೀ ಕಾರಿನಲ್ಲೇ ಮೆತ್ತನೆಯ ಭಾಗ. ಅದಕ್ಕೆ ಮೂರು ಇಂಚಿನ ಮೆದು ಪ್ಯಾಡ್, ಕಡಿಮೆ ವೇಗ, ಕೆಲವೇ ಸೆಕೆಂಡು. ಪ್ಲಾಸ್ಟಿಕ್ಕು ಬಿಸಿಯನ್ನು ಹರಡಿಕೊಳ್ಳುವುದಿಲ್ಲ.

ಇನ್ನೊಂದು ಜಾಗದಲ್ಲಿ ಪ್ಯಾಡಿಗೆ ಸುಮ್ಮನೆ ಅಪವಾದ ಬರುತ್ತದೆ. ಪಾಲಿಶ್ ಚೆನ್ನಾಗಿಯೇ ಆಗಿರುತ್ತದೆ, ಒರೆಸುವ ಬಟ್ಟೆ ಗೀರು ಬಿಡುತ್ತದೆ. ಹುಡುಗರು ಪ್ಯಾಡ್ ಬದಲಿಸುತ್ತಾ ಹೋಗುತ್ತಾರೆ, ಗೀರು ಹೋಗುವುದಿಲ್ಲ. ಹೊಲಿಗೆಯ ಅಂಚಿಲ್ಲದ, ದಪ್ಪ ಎಳೆಯ, ಆಗಷ್ಟೇ ತೊಳೆದ ಬಟ್ಟೆ ತೆಗೆದುಕೊಳ್ಳಿ, ಒತ್ತದೆ ಎತ್ತಿದಂತೆ ಒರೆಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಇರುವ ಪ್ಯಾನೆಲ್ ವೈಪ್ ಸಿಂಪಡಿಸಿ ಎಣ್ಣೆಯನ್ನೆಲ್ಲ ತೆಗೆದು ನೋಡಿ. ಪಾಲಿಶಿನಲ್ಲಿರುವ ಎಣ್ಣೆ ಗೀರನ್ನು ತುಂಬಿಕೊಂಡು ನಿಮಗೇ ಸುಳ್ಳು ಹೇಳುತ್ತಿರುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಒಪ್ಪಿಕೊಳ್ಳಬೇಡಿ, ಬಿಸಿಲಿಗೆ ತಂದು ನೋಡಿ. ಮೇಲೆ ಸೆರಾಮಿಕ್ ಕೋಟಿಂಗ್ ಹಾಕುವ ಕಾರಾದರೆ ಇದು ಇನ್ನೂ ಮುಖ್ಯ. ಕೋಟಿಂಗಿನ ಕೆಳಗೆ ಸಿಕ್ಕಿಕೊಂಡ ಮಬ್ಬನ್ನು ತೆಗೆಯಲು ಕೋಟಿಂಗನ್ನೇ ಉಜ್ಜಿ ತೆಗೆಯಬೇಕಾಗುತ್ತದೆ, ಅದರ ಜೊತೆ ಮತ್ತಷ್ಟು ಕ್ಲಿಯರ್.

ಅಂಗಡಿ ಮಾಲೀಕರೇ, ಈ ಪತ್ರವನ್ನು ನೀವೂ ಓದುತ್ತಿದ್ದೀರಿ ಎಂದುಕೊಂಡಿದ್ದೇನೆ. ಹುಡುಗನ ಕೈಗೆ ಎರಡು ಹರಿದ ಪ್ಯಾಡ್ ಕೊಟ್ಟು, ಮಧ್ಯಾಹ್ನದೊಳಗೆ ಮೂರು ಕಾರು ಮುಗಿಸು ಎಂದರೆ ಅವನು ವುಲ್ ಹಾಕದೆ ಇನ್ನೇನು ಮಾಡಿಯಾನು? ಒಳ್ಳೆಯ ಫೋಮ್ ಪ್ಯಾಡಿನ ಬೆಲೆ ಒಂದು ಬಾಗಿಲಿಗೆ ಮತ್ತೆ ಬಣ್ಣ ಹೊಡೆಸುವ ಖರ್ಚಿನ ಮುಂದೆ ಏನೂ ಅಲ್ಲ. ಒಂದು ಮೈಕ್ರಾನ್ ಗೇಜ್ ಕೊಂಡಿಡಿ. ಮೆತ್ತನೆಯ ಬಣ್ಣದ ಕಪ್ಪು ಕಾರಿಗೆ ಹೆಚ್ಚು ಸಮಯ, ಹೆಚ್ಚು ಕೂಲಿ ಎಂದು ಗಿರಾಕಿಗೆ ಮೊದಲೇ ಹೇಳಿ. ಒಪ್ಪದಿದ್ದರೆ ತೊಳೆದು ವ್ಯಾಕ್ಸ್ ಹಾಕಿ ಕಳಿಸಿ. ಅದೂ ಮರ್ಯಾದೆಯ ಕೆಲಸವೇ.

ಗೀರು ಶೇಕಡಾ ನೂರು ಹೋಗಬೇಕೆಂದು ಹಟ ಹಿಡಿಯುವ ಗಿರಾಕಿಗಳೂ ಇದ್ದಾರೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ದಿನಾ ಬೆಳಿಗ್ಗೆ ಒಂದೇ ಒಣ ಬಟ್ಟೆಯಿಂದ ಹತ್ತು ಕಾರಿನ ಧೂಳು ಕೊಡವುವ ಪದ್ಧತಿ ನಿಲ್ಲದೆ ನೀವು ಎಷ್ಟು ಪಾಲಿಶ್ ಮಾಡಿದರೂ ಆ ಕಾರು ಒಂದೆರಡು ತಿಂಗಳಲ್ಲಿ ಮತ್ತೆ ಸುತ್ತುಗೀರು ತುಂಬಿಕೊಂಡು ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಕಲೆ ಬೇರೆ. ಅವರನ್ನು ಕೂರಿಸಿ ಇಷ್ಟನ್ನು ಹೇಳಿ: ಆಳದ ಒಂದೆರಡು ಗೀರು ಉಳಿಯಲಿ, ಕ್ಲಿಯರ್ ಉಳಿಯಲಿ. ಹತ್ತರಲ್ಲಿ ಎಂಟು ಭಾಗ ಗೀರು ಹೋಗಿ, ಮಬ್ಬಿಲ್ಲದೆ ನಿಂತ ಕಾರು ನನ್ನ ಕಣ್ಣಿಗೆ ಪೂರ್ಣ ಕೆಲಸ.

ಕೊನೆಯದಾಗಿ ನಿಮ್ಮಲ್ಲಿ ನನ್ನ ಕೋರಿಕೆ. ನಾಳೆ ಬರುವ ಮೊದಲ ಕಾರಿನಲ್ಲಿ ಬಾನೆಟ್ಟಿನ ಒಂದು ಮೂಲೆಯಲ್ಲಿ ಎರಡಡಿ ಚದರ ಜಾಗಕ್ಕೆ ಟೇಪ್ ಹಚ್ಚಿ. ಅಂಗಡಿಯಲ್ಲಿರುವ ಅತಿ ನಯವಾದ ಪಾಲಿಶ್, ಮಧ್ಯಮ ಮೆದುವಿನ ಫೋಮ್ ಹಾಕಿ, ಸೆಕೆಂಡಿಗೆ ಒಂದಿಂಚಿನಷ್ಟು ನಿಧಾನವಾಗಿ ಓಡಿಸಿ, ಎಣ್ಣೆ ತೆಗೆದು ಬಿಸಿಲಲ್ಲಿ ನೋಡಿ. ಸಾಲದಿದ್ದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಮೊದಲು ಪ್ಯಾಡ್, ಆಮೇಲೆ ದ್ರವ. ಯಾವುದು ಒಗ್ಗಿತೋ ಅದರಲ್ಲೇ ಇಡೀ ಕಾರು ಮುಗಿಸಿ. ಕೀಲಿ ಕೊಡುವಾಗ ಜಾಬ್ ಕಾರ್ಡಿನ ಹಿಂದೆ ಯಾವ ಕಂಪನಿಯ ಯಾವ ಪ್ಯಾಡ್, ಯಾವ ಪಾಲಿಶ್, ಪ್ರತಿ ಪ್ಯಾನೆಲ್ಲಿನಲ್ಲಿ ಕೆಲಸಕ್ಕೆ ಮೊದಲು ಎಷ್ಟು ಮೈಕ್ರಾನ್ ಇತ್ತು, ಈಗ ಎಷ್ಟಿದೆ ಎಂದು ಬರೆದು ಕೊಡಿ. ಎರಡು ವರ್ಷದ ಮೇಲೆ ಆ ಕಾರು ಇನ್ನೊಂದು ಊರಿನ ಇನ್ನೊಬ್ಬ ಹುಡುಗನ ಮುಂದೆ ನಿಂತಾಗ, ಮಷೀನ್ ಹಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಲು ಅವನಿಗೆ ಆ ಚೀಟಿ ಬೇಕು.

ಇಂತಿ ನಿಮ್ಮ ವಿಶ್ವಾಸಿ,
ಹಳೆಯ ಪೇಂಟರ್ ಒಬ್ಬ
ಬೆಂಗಳೂರು